ಖಾಲಿ ಜೇಬಿನ ಮ್ಯಾಟ್ ಟಾಲ್ಬಟ್

ಮ್ಯಾಟ್ ಟಾಲ್ಬಟ್ ಅಂದರೆ ಎಲ್ಲರಿಗೂ ಮೊದಲು ನೆನಪಾಗೋದು ಸರಪಳಿ. 1925ರ ಜೂನ್ 7, ಭಾನುವಾರ. ಐರ್ಲೆಂಡಿನ ಡಬ್ಲಿನ್ ನಗರದ ಗ್ರ್ಯಾನ್ಬಿ ಲೇನ್ ಎಂಬ ಗಲ್ಲಿಯಲ್ಲಿ, ಬಲಿಪೂಜೆಗೆ ಹೊರಟಿದ್ದ 69 ವರ್ಷದ ಕೂಲಿಯೊಬ್ಬ ಕುಸಿದುಬಿದ್ದು ಸತ್ತ. ಸುತ್ತ ಸೇರಿದವರಿಗೆ ಆತ ಯಾರೆಂದು ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಬಟ್ಟೆ ಬಿಚ್ಚಿದಾಗ ಸೊಂಟಕ್ಕೆ, ತೋಳಿಗೆ, ಕಾಲಿಗೆ ಬಿಗಿದ ಸರಪಳಿಗಳು ಕಂಡವು. ಸುದ್ದಿ ಹಬ್ಬಿತು, ಪುಸ್ತಕಗಳು ಬಂದವು, ಆತನನ್ನು ಸಂತನನ್ನಾಗಿ ಮಾಡಬೇಕೆಂಬ ಕೂಗು ಎದ್ದಿತು.

ನನಗೆ ಆ ಸರಪಳಿಗಿಂತ ಆತನ ಖಾಲಿ ಜೇಬು ಹೆಚ್ಚು ಕಾಡುತ್ತದೆ. ಅದಕ್ಕೆ ಕಾರಣ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮ್ಯಾಟ್ ಹುಟ್ಟಿದ್ದು 1856ರಲ್ಲಿ, ಡಬ್ಲಿನ್‌ನ ಕಡುಬಡತನದ ಒಂದು ಕೇರಿಯಲ್ಲಿ. 12 ಮಕ್ಕಳಲ್ಲಿ ಎರಡನೆಯವನು. ಅಪ್ಪ ಬಂದರಿನಲ್ಲಿ ಕೆಲಸಕ್ಕಿದ್ದ, ವಿಪರೀತ ಕುಡುಕ. ಮ್ಯಾಟ್ ಶಾಲೆಗೆ ಹೋದದ್ದು ಅಷ್ಟಕ್ಕಷ್ಟೆ. 12ನೇ ವಯಸ್ಸಿಗೆ ಕೆಲಸಕ್ಕೆ ಸೇರಿದ. ಎಲ್ಲಿಗೆ ಗೊತ್ತಾ? ಬಾಟಲಿಗೆ ಬಿಯರ್ ತುಂಬುವ ಮದ್ಯದ ವ್ಯಾಪಾರಿಯ ಹತ್ತಿರ. ವರ್ಷ ಕಳೆಯುವಷ್ಟರಲ್ಲಿ ಹುಡುಗ ಕುಡಿದು ಮನೆಗೆ ಬರತೊಡಗಿದ. ಅಪ್ಪ ಹೊಡೆದು, ಬುದ್ಧಿ ಹೇಳಿ, ತನ್ನ ಕಣ್ಣೆದುರಿಗೇ ಇರಲಿ ಅಂತ ಬಂದರಿಗೆ ಸೇರಿಸಿದ. ಅಲ್ಲಿನ ಗೋದಾಮಿನಲ್ಲಿದ್ದದ್ದು ವಿಸ್ಕಿ. ಬಿಯರ್‌ನಿಂದ ವಿಸ್ಕಿಗೆ ಬಡ್ತಿ ಸಿಕ್ಕಂತಾಯಿತು, ಅಷ್ಟೆ.

ಆಮೇಲೆ ಗಾರೆಯವರ ಕೈಕೆಳಗೆ ಇಟ್ಟಿಗೆ ಹೊರುವ ಕೆಲಸ. ಕೆಲಸದಲ್ಲಿ ಮಾತ್ರ ಬಲು ಚುರುಕು. ಉಳಿದವರಿಗೆ ವೇಗ ಬರಲಿ ಅಂತ ಮೇಸ್ತ್ರಿ ಇವನನ್ನೇ ಸಾಲಿನ ಮುಂದೆ ನಿಲ್ಲಿಸುತ್ತಿದ್ದ. ಬಟವಾಡೆಯ ದುಡ್ಡೆಲ್ಲ ಪಬ್ಬಿಗೆ. ದುಡ್ಡು ಮುಗಿದಾಗ ಸಾಲ, ಸಾಲ ಹುಟ್ಟದಾಗ ಕಾಲಿನ ಬೂಟು ಅಡವು. ಒಮ್ಮೆ ಬೀದಿಯಲ್ಲಿ ಪಿಟೀಲು ನುಡಿಸಿ ಬದುಕುತ್ತಿದ್ದವನ ಪಿಟೀಲನ್ನೇ ಕದ್ದು ಮಾರಿ ಕುಡಿದದ್ದೂ ಉಂಟು.

ಇಲ್ಲೊಂದು ಮಾತು ಸೇರಿಸಬೇಕು. ಆ ಕಾಲದ ಡಬ್ಲಿನ್‌ನಲ್ಲಿ ಬಂದರಿನ ಕೂಲಿಗಳಿಗೆ ಪಬ್ಬಿನಲ್ಲೇ ಕೂಲಿ ಬಟವಾಡೆ ಮಾಡುವ ಪದ್ಧತಿ ಇತ್ತು. ಕುಡಿಯದೆ ಎದ್ದು ಬಂದರೆ ನಾಳೆ ಕೆಲಸ ಸಿಗುತ್ತದೆ ಅನ್ನೋ ಖಾತ್ರಿ ಇಲ್ಲ. ಚಟವನ್ನು ಬರೀ ಒಬ್ಬನ ಮನಸ್ಸಿನ ದೌರ್ಬಲ್ಯ ಅಂತ ತಳ್ಳಿಹಾಕುವವರು ಇದನ್ನು ಗಮನಿಸಬೇಕು.

1884. ಮ್ಯಾಟ್‌ಗೆ 28 ವರ್ಷ. ಕೆಲವು ದಿನ ಕೆಲಸವಿರಲಿಲ್ಲ, ಜೇಬಿನಲ್ಲಿ ಬಿಡಿಗಾಸಿಲ್ಲ. ಶನಿವಾರ ಪಬ್ಬಿರುವ ಮೂಲೆಯಲ್ಲಿ ಹೋಗಿ ನಿಂತ. ಕೂಲಿ ಎಣಿಸಿಕೊಂಡು ಬರುವ ಗೆಳೆಯರಲ್ಲಿ ಯಾರಾದರೂ ಒಳಗೆ ಕರೆದಾರು ಎಂಬ ನಂಬಿಕೆ. ತನ್ನ ಹತ್ತಿರ ದುಡ್ಡಿದ್ದಾಗ ಅವರಿಗೆಲ್ಲ ಧಾರಾಳವಾಗಿ ಕುಡಿಸಿದ್ದವನು ಆತ. ಒಬ್ಬೊಬ್ಬರೇ ಬಂದರು, ಕುಶಲ ಕೇಳಿದರು, ಒಳಗೆ ಹೋದರು. ಒಬ್ಬನೂ ಕರೆಯಲಿಲ್ಲ.

ಆತ ನೇರ ಮನೆಗೆ ಹೋದ. ಅಷ್ಟು ಬೇಗ, ಅದೂ ಕುಡಿಯದೆ ಬಂದ ಮಗನನ್ನು ನೋಡಿ ತಾಯಿ ಎಲಿಜಬೆತ್‌ಗೆ ಆಶ್ಚರ್ಯ. ಕುಡಿತ ಬಿಡುವ ಪ್ರತಿಜ್ಞೆ ಮಾಡುತ್ತೇನೆ ಅಂದ. ಉಳಿಸಿಕೊಳ್ಳುವ ಹಾಗಿದ್ದರೆ ಮಾತ್ರ ಮಾಡು ಅಂದಳು ಆಕೆ. ಕ್ಲಾನ್‌ಲಿಫ್‌ನ ಗುರುಮಠಕ್ಕೆ ನಡೆದು ಹೋಗಿ, ಪಾದ್ರಿಯ ಮುಂದೆ ಪಾಪನಿವೇದನೆ ಮಾಡಿ, ಪ್ರತಿಜ್ಞೆ ತೆಗೆದುಕೊಂಡ. ಎಷ್ಟು ಕಾಲಕ್ಕೆ? ಬರೀ 3 ತಿಂಗಳಿಗೆ. ಅದು ಮುಗಿದ ಮೇಲೆ ಇನ್ನೊಂದು ಅವಧಿಗೆ, ಕೊನೆಗೆ ಜೀವನಪೂರ್ತಿಗೆ. ಒಂದೊಂದೇ ದಿನ ಕುಡಿಯದೆ ದಾಟುವ ದಾರಿಯನ್ನು ಮುಂದೆ ಜಗತ್ತಿಗೆ ಹೇಳಿಕೊಟ್ಟ ಆಲ್ಕೊಹಾಲಿಕ್ಸ್ ಅನಾನಿಮಸ್ ಅಮೆರಿಕದಲ್ಲಿ ಶುರುವಾಗಲು ಇನ್ನೂ 51 ವರ್ಷ ಬಾಕಿ ಇತ್ತು.

ಆ ಮೊದಲ 3 ತಿಂಗಳು ನರಕ. ಅವಧಿ ಮುಗಿದ ದಿನ ಮತ್ತೆ ಕುಡಿಯುತ್ತೇನೆ ಅಂತ ತಾಯಿಯ ಮುಂದೆ ಗೋಳಾಡಿದ್ದನಂತೆ. ಮುಂಜಾನೆ 5ಕ್ಕೆ ಬಲಿಪೂಜೆ, ನಂತರ ದಿನವಿಡೀ ಇಟ್ಟಿಗೆ ಹೊರೋದು. ಅಲ್ಲಿಗೆ ಸಂಜೆಯ ತನಕ ಸರಿ. ಸಂಜೆ ಎಲ್ಲಿಗೆ ಹೋಗೋದು? ಗೆಳೆಯರೆಲ್ಲ ಇರೋದು ಪಬ್ಬಿನಲ್ಲಿ. ಆತ ಕೇರಿಯಿಂದ ದೂರದ ಚರ್ಚುಗಳಿಗೆ ನಡೆದು ಹೋಗಿ, ರಾತ್ರಿಯಾಗುವ ತನಕ ಅಲ್ಲೇ ಕೂತಿರುತ್ತಿದ್ದ.

ಹೀಗಿದ್ದೂ ಒಂದು ದಿನ ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಂಡು ಪಬ್ಬಿನೊಳಗೆ ಕಾಲಿಟ್ಟೇಬಿಟ್ಟ. ಒಳಗೆ ಜನವೋ ಜನ. ಕೊಡುವವನು ಇವನತ್ತ ತಿರುಗಿಯೂ ನೋಡಲಿಲ್ಲ. ಕಾದು ಕಾದು ಹೊರಬಂದು, ಸೀದಾ ಚರ್ಚಿಗೆ ಹೋಗಿ, ಬಾಗಿಲು ಹಾಕುವ ತನಕ ಕೂತ. ಅವತ್ತಿನಿಂದ ಜೇಬಿನಲ್ಲಿ ದುಡ್ಡಿಟ್ಟುಕೊಂಡು ಓಡಾಡೋದನ್ನೇ ಬಿಟ್ಟ.

ನಾನು ಓದಿದ್ದು ಇಂಜಿನಿಯರಿಂಗ್. ಕಾರ್ಖಾನೆಯ ಯಂತ್ರಗಳಲ್ಲಿ ಇಂಟರ್‌ಲಾಕ್ ಅಂತ ಒಂದು ಏರ್ಪಾಟಿರುತ್ತೆ. ಬಾಗಿಲು ತೆರೆದಿದ್ದರೆ ನೀವು ಎಷ್ಟೇ ಗುಂಡಿ ಒತ್ತಿದರೂ ಯಂತ್ರ ತಿರುಗಲ್ಲ. ಕೆಲಸಗಾರ ಸದಾ ಎಚ್ಚರವಾಗಿರುತ್ತಾನೆ ಅಂತ ನಂಬಿ ಯಂತ್ರ ಕಟ್ಟಬಾರದು, ಎಚ್ಚರ ತಪ್ಪಿದಾಗಲೂ ಕೈ ಉಳಿಯಬೇಕು. ಟಾಲ್ಬಟ್‌ನ ಖಾಲಿ ಜೇಬು ಅಂಥದ್ದು. ಬೈಗುಳ ಬಿಡಲು ಅಂಗಿಯ ತೋಳಿಗೆ ಎರಡು ಗುಂಡುಸೂಜಿಗಳನ್ನು ಶಿಲುಬೆಯಂತೆ ಚುಚ್ಚಿಕೊಂಡ. ಬಾಯಿಗೆ ಬಂದ ಮಾತು ಆಡುವ ಮೊದಲು ಕಣ್ಣಿಗೆ ಅದು ಬೀಳಬೇಕು. ಪೈಪ್ ಸೇದೋದನ್ನೂ ಬಿಟ್ಟ. ಕುಡಿತಕ್ಕಿಂತ ಅದೇ ಕಷ್ಟವಾಯಿತಂತೆ. ಬೆಳಗಿನ ಬಲಿಪೂಜೆಯ ಹೊತ್ತು 5ರಿಂದ 6.15ಕ್ಕೆ ಬದಲಾದಾಗ, ತಡವಾಗಿ ಶುರುವಾಗುವ ಮರದ ಮಂಡಿಯ ಕೆಲಸಕ್ಕೆ ಸೇರಿಕೊಂಡ.

ಆದರೆ ಬರೀ ಏರ್ಪಾಟುಗಳಿಂದಲೇ ಆತ ಗೆದ್ದ ಅಂದರೆ ನಾನು ಒಪ್ಪಲ್ಲ. ಜೇಬು ಖಾಲಿ ಮಾಡೋದು ಯಾರಿಗೆ ತಿಳಿಯಲ್ಲ? ಖಾಲಿ ಜೇಬು ಕೈಯನ್ನು ತಡೆಯುತ್ತೆ, ಸಂಜೆಯನ್ನು ತುಂಬಲ್ಲ. ಕುಡುಕನಿಗೆ ಪಬ್ಬು ಅಂದರೆ ಬರೀ ಮದ್ಯವಲ್ಲ, ತನ್ನನ್ನು ಹೆಸರು ಹಿಡಿದು ಕರೆಯುವವರಿರುವ ಜಾಗ. ಆ ಶನಿವಾರ ಅಲ್ಲೂ ಕರೆ ಬರಲಿಲ್ಲ. ಚರ್ಚಿನಲ್ಲಿ ತನ್ನನ್ನು ಕಾಯುವವನೊಬ್ಬ ದಿನವೂ ಇದ್ದಾನೆ ಎಂಬ ನಂಬಿಕೆ ಆ ಜಾಗ ತುಂಬಿತು. ನಂಬದವರೂ ಆ 41 ವರ್ಷಗಳ ಲೆಕ್ಕವನ್ನು ಅಲ್ಲಗಳೆಯೋದು ಕಷ್ಟ.

ಹಳೇ ಬಾಕಿಗಳನ್ನೂ ತೀರಿಸಿದ. ಸಾಲವಿದ್ದ ಪಬ್ಬುಗಳಿಗೆ ಹೋಗಿ, ಲಕೋಟೆಯಲ್ಲಿ ದುಡ್ಡಿಟ್ಟು ಕೊಟ್ಟು, ನಿಲ್ಲದೆ ಬರುತ್ತಿದ್ದ. ಪಿಟೀಲಿನವನನ್ನು ಊರೆಲ್ಲ ಹುಡುಕಿದ. ಸಿಗಲಿಲ್ಲ. ಕೊನೆಗೆ ಅವನ ಹೆಸರಿನಲ್ಲಿ ಪೂಜೆ ಮಾಡಿಸಲು ಆ ದುಡ್ಡನ್ನು ಚರ್ಚಿಗೆ ಕೊಟ್ಟ. ಸರಿಯಾಗಿ ಓದಲು ಬಾರದವನು ಸಂತ ಅಗಸ್ಟೀನನ ಆತ್ಮನಿವೇದನೆಯಂಥ ಗ್ರಂಥಗಳನ್ನು, ತಿಳಿಯದ ಕಡೆ ಪಾದ್ರಿಗಳನ್ನು ಕೇಳುತ್ತಾ, ಓದಿದ.

ಇನ್ನು ಸರಪಳಿ. ಮರಿಯಮ್ಮನವರಿಗೆ ತನ್ನನ್ನು ದಾಸನಾಗಿ ಒಪ್ಪಿಸಿಕೊಂಡ ಗುರುತು ಅದು. ಮಲಗುತ್ತಿದ್ದದ್ದು ಹಲಗೆಯ ಮೇಲೆ, ತಲೆಗೆ ಮರದ ದಿಂಬು. ಇದೂ ಅತಿಯೇ, ಒಂದು ಅತಿ ಬಿಟ್ಟು ಇನ್ನೊಂದು ಹಿಡಿದ ಅನ್ನುವವರಿದ್ದಾರೆ. ನನಗೂ ಮುಜುಗರವೇ. ಆದರೆ ಒಂದು ವ್ಯತ್ಯಾಸ ಇದೆ: ಮೊದಲಿನ ಅತಿಗೆ ಬೇರೆಯವನ ಪಿಟೀಲು ಬೇಕಾಗಿತ್ತು. ಎರಡನೆಯದು ಸಾಯುವ ತನಕ ಹೊರಗಿನವರ ಕಣ್ಣಿಗೇ ಬೀಳಲಿಲ್ಲ.

ಆತನನ್ನು ತಲೆತಗ್ಗಿಸಿ ದುಡಿಯುವ ವಿಧೇಯ ಕೂಲಿ ಅಂತ ಚರ್ಚಿನವರು ಬಿಂಬಿಸಿದರು ಎಂಬ ದೂರು ಎಡಪಂಥೀಯರದ್ದು. ದೂರಿನಲ್ಲಿ ಹುರುಳಿದೆ. ಆದರೆ ಟಾಲ್ಬಟ್, ಜಿಮ್ ಲಾರ್ಕಿನ್ ಕಟ್ಟಿದ ಕಾರ್ಮಿಕ ಸಂಘದ ಸದಸ್ಯನಾಗಿದ್ದ. 1913ರಲ್ಲಿ ಡಬ್ಲಿನ್‌ನ ಮಾಲೀಕರು ಕಾರ್ಮಿಕರಿಗೆ ಬಾಗಿಲು ಮುಚ್ಚಿದಾಗ ಸಂಘ ಕೊಟ್ಟ ಹಣವನ್ನು ಹೆಂಡತಿ ಮಕ್ಕಳಿದ್ದವರ ಜೊತೆ ಹಂಚಿಕೊಂಡ.

1975ರಲ್ಲಿ ಪೋಪ್ ಆರನೇ ಪಾಲ್ ಆತನನ್ನು ಪೂಜ್ಯ ಎಂದು ಘೋಷಿಸಿದರು. ಸಂತ ಪದವಿಗೆ ಪವಾಡ ಬೇಕು, ಅದಿನ್ನೂ ಸಿಕ್ಕಿಲ್ಲ. ಲಿಫಿ ನದಿಯ ಸೇತುವೆಯೊಂದಕ್ಕೆ ಆತನ ಹೆಸರಿದೆ.

ಆತನ ತಮ್ಮಂದಿರದ್ದೂ ಅದೇ ಮನೆ, ಅದೇ ತಾಯಿ, ಅದೇ ಚರ್ಚು. ಮ್ಯಾಟ್ ಎಷ್ಟು ಹೇಳಿದರೂ ಅವರು ಕುಡಿತ ಬಿಡಲಿಲ್ಲ. ಕೊನೆಗೆ ಆತ ಬೇರೆ ಕೋಣೆ ಹಿಡಿದ. ಅಪ್ಪ ತೀರಿಕೊಂಡ ಮೇಲೆ ಎಲಿಜಬೆತ್ ಆ ಮಗನ ಜೊತೆ ಇರಲು ಬಂದಳು. 1915ರಲ್ಲಿ ಸಾಯುವ ತನಕ ಅವನ ಜೊತೆಯಲ್ಲೇ ಇದ್ದಳು.