ಸ್ಮಶಾನವನ್ನೂ ಯೋಚಿಸಿ ಆರಿಸಿಕೊಂಡ ವಕೀಲ



ಅಮೆರಿಕದ ಗುಲಾಮಗಿರಿ ಎಂದ ಕೂಡಲೇ ನಮಗೆ ನೆನಪಾಗುವುದು ಲಿಂಕನ್. ನಾನು ಇಂದು ಹೇಳಹೊರಟಿರುವುದು ಥಾಡಿಯಸ್ ಸ್ಟೀವನ್ಸ್ ಎಂಬ ವಕೀಲರ ಬಗ್ಗೆ.

1792ರಲ್ಲಿ ವರ್ಮಾಂಟ್ ರಾಜ್ಯದ ಡ್ಯಾನ್ವಿಲ್‌ನಲ್ಲಿ ಹುಟ್ಟಿದರು. ಹುಟ್ಟಿನಿಂದಲೇ ಒಂದು ಪಾದ ಸೊಟ್ಟ. ತಂದೆ ಸಂಸಾರ ಬಿಟ್ಟುಹೋದರು. ತಾಯಿ ಸಾರಾ ದುಡಿದು ಓದಿಸಿದರು. ಡಾರ್ಟ್‌ಮತ್ ಕಾಲೇಜು ಮುಗಿಸಿ ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್‌ನಲ್ಲಿ ವಕೀಲಿ ಹಿಡಿದರು.

1821ರಲ್ಲಿ ಚಾರಿಟಿ ಬಟ್ಲರ್ ಎಂಬ ಕಪ್ಪು ತಾಯಿ ತನಗೂ ಮಕ್ಕಳಿಗೂ ಬಿಡುಗಡೆ ಕೇಳಿ ಕೋರ್ಟಿಗೆ ಹೋದಾಗ, ಸ್ಟೀವನ್ಸ್ ನಿಂತದ್ದು ಒಡೆಯನ ಪರ. ಗೆದ್ದರು. ಆ ತಾಯಿ ಮತ್ತೆ ಗುಲಾಮಳಾದಳು. ಈ ಭಾಗ ಬಿಟ್ಟು ಹೇಳಲು ನನಗೆ ಮನಸ್ಸಿಲ್ಲ. ಮುಂದೆ ಅವರು ಓಡಿಬಂದ ಗುಲಾಮರ ಪರ ಫೀಸಿಲ್ಲದೆ ವಾದಿಸಿದರು.

1835ರಲ್ಲಿ ಪೆನ್ಸಿಲ್ವೇನಿಯಾದ ಉಚಿತ ಶಾಲೆಗಳ ಕಾಯ್ದೆಯನ್ನೇ ರದ್ದು ಮಾಡಲು ಸೆನೆಟ್ ಒಪ್ಪಿಬಿಟ್ಟಿತ್ತು. ಕೆಳಮನೆಯಲ್ಲಿ ಸ್ಟೀವನ್ಸ್ ಮಾಡಿದ ಭಾಷಣ ಆ ಕಾಯ್ದೆಯನ್ನು ಉಳಿಸಿತು. ಬಡವರ ಮಕ್ಕಳಿಗೆ ಪಾಠ ಹೇಳುವ ನನಗೆ ಅವರ ಬದುಕಿನಲ್ಲಿ ಇದೇ ದೊಡ್ಡದು. ಮೂರು ವರ್ಷದ ನಂತರ ರಾಜ್ಯದ ಹೊಸ ಸಂವಿಧಾನ ಕಪ್ಪು ಜನರ ಮತದಾನದ ಹಕ್ಕನ್ನು ಕಿತ್ತುಕೊಂಡಿತು. ಅದಕ್ಕೆ ಅವರು ಸಹಿ ಹಾಕಲಿಲ್ಲ.

ಅಂತರ್ಯುದ್ಧದ ಕಾಲದಲ್ಲಿ ಕಾಂಗ್ರೆಸ್ಸಿನ ಹಣಕಾಸು ಸಮಿತಿ ಅವರ ಕೈಯಲ್ಲಿತ್ತು. 1863ರಲ್ಲಿ ದಕ್ಷಿಣದ ಸೈನ್ಯ ಅವರ ಕಬ್ಬಿಣದ ಕಾರ್ಖಾನೆಯನ್ನು ಸುಟ್ಟುಹಾಕಿತು. ಯುದ್ಧ ಮುಗಿದ ಮೇಲೆ ಕಾನೂನಿನ ಮುಂದೆ ಸಮಾನ ರಕ್ಷಣೆ ಕೊಡುವ 14ನೇ ತಿದ್ದುಪಡಿಗೆ ದುಡಿದರು. ಅದು ಸಾಲದೆಂದು ಅವರಿಗೆ ಗೊತ್ತಿತ್ತು. ದೊಡ್ಡ ಜಮೀನ್ದಾರರ ಭೂಮಿ ಮುಟ್ಟುಗೋಲು ಹಾಕಿ, ಬಿಡುಗಡೆಯಾದವರಿಗೆ 40 ಎಕರೆಯಂತೆ ಹಂಚಬೇಕೆಂದು ಹಟ ಹಿಡಿದರು. ಸಭೆ ಒಪ್ಪಲಿಲ್ಲ. ಭೂಮಿಯಿಲ್ಲದ ಜನ ಮತ್ತೆ ಹಳೆಯ ಒಡೆಯರ ಹೊಲಕ್ಕೇ ಗೇಣಿಗೆ ಹೋದರು. ಬಾಬಾಸಾಹೇಬರು 1947ರ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ಭೂಮಿ ಸರ್ಕಾರದ್ದಾಗಬೇಕೆಂದು ಯಾಕೆ ಕೇಳಿದರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ಓದಿ.

1868ರ ಆಗಸ್ಟ್ 11ರಂದು ವಾಷಿಂಗ್ಟನ್‌ನಲ್ಲಿ ತೀರಿಕೊಂಡರು. ಪಾರ್ಲಿಮೆಂಟ್ ಭವನದಲ್ಲಿಟ್ಟ ಪಾರ್ಥಿವ ಶರೀರಕ್ಕೆ ಕಪ್ಪು ಸೈನಿಕರು ಕಾವಲು ನಿಂತರು. ಆರಡಿ ಮೂರಡಿ ಜಾಗ ಸಿಗದೆ ಹೆಣ ಹೊತ್ತು ತಾಲ್ಲೂಕು ಕಚೇರಿ ಮುಂದೆ ಕೂತವರನ್ನು ಕಂಡ ನಮಗೆ ಮುಂದಿನ ಮಾತು ಬೇಗ ತಿಳಿಯುತ್ತದೆ. ಲ್ಯಾಂಕಾಸ್ಟರ್ ಊರಿನ ದೊಡ್ಡ ಸ್ಮಶಾನಗಳು ಕಪ್ಪು ಜನರನ್ನು ಸೇರಿಸುತ್ತಿರಲಿಲ್ಲ. ಸ್ಟೀವನ್ಸ್ ಎಲ್ಲರನ್ನೂ ಸೇರಿಸುತ್ತಿದ್ದ ಒಂದು ಸಣ್ಣ ಸ್ಮಶಾನವನ್ನು ಆರಿಸಿಕೊಂಡರು. ಯಾಕೆ ಅಲ್ಲಿ ಎಂಬುದನ್ನು ಸಮಾಧಿಯ ಕಲ್ಲಿನ ಮೇಲೆ ಕೆತ್ತಿಸಲು ಒಕ್ಕಣೆಯನ್ನೂ ತಾವೇ ಬರೆದಿಟ್ಟಿದ್ದರು.