ಮೊದಲ ಪಾಠದ ಪುರಂದರದಾಸರು

ಪುರಂದರದಾಸರನ್ನು ನಾವು ಅನೇಕ ಬಗೆಯಾಗಿ ನೆನೆಯುತ್ತೇವೆ. ಭಕ್ತರಿಗೆ ಅವರು ವಿಠಲನ ಪರಮದಾಸರು. ಸಾಹಿತ್ಯದ ವಿದ್ಯಾರ್ಥಿಗೆ ಮನೆಮಾತಿನ ಕನ್ನಡವನ್ನು ಹಾಡಿನ ಎತ್ತರಕ್ಕೆ ಏರಿಸಿದ ಕವಿ. ಸಭೆಯಲ್ಲಿ ಕುಳಿತ ರಸಿಕನಿಗೆ ಕಚೇರಿಯ ಕೊನೆಯ ಭಾಗವನ್ನು ತುಂಬುವ ದೇವರನಾಮಗಳ ಕರ್ತೃ. ಇವೆಲ್ಲವೂ ನಿಜ. ಆದರೆ ಸಂಗೀತವನ್ನು ಈಗತಾನೆ ಕಲಿಯತೊಡಗಿದ ಎಂಟು ವರ್ಷದ ಮಗುವಿಗೆ ದಾಸರು ಇವರಲ್ಲಿ ಯಾರೂ ಅಲ್ಲ. ಆ ಮಗು ಅವರ ಹೆಸರನ್ನು ಕೇಳುವುದಕ್ಕೆ ಮೊದಲೇ ಅವರ ಶಿಷ್ಯನಾಗಿರುತ್ತದೆ. ಷಡ್ಜದಿಂದ ಮೇಲಣ ಷಡ್ಜಕ್ಕೆ ಏರಿ ಇಳಿದ ಮೊದಲ ದಿನವೇ ಅದು ಅವರ ಶಾಲೆಗೆ ಸೇರಿಬಿಟ್ಟಿತು. ನಾನು ಇಲ್ಲಿ ಬರೆಯಹೊರಟಿರುವುದು ಆ ಶಾಲೆಯ ಉಪಾಧ್ಯಾಯರ ಕಥೆಯನ್ನು.

ಹೀಗೆ ಬರೆಯಲು ಕಾರಣವೊಂದುಂಟು. ಮಂಗಳೂರಿನ ಅಂಚಿನಲ್ಲಿರುವ ವಾಮಂಜೂರಿನಲ್ಲಿ ಕೆಲವು ವರ್ಷಗಳಿಂದ ನಾನು ಮಕ್ಕಳಿಗೆ ಹಾಡುಗಾರಿಕೆಯ ಆರಂಭದ ಪಾಠ ಹೇಳುತ್ತಿದ್ದೇನೆ. ಕೆಲವರು ಮನೆಗೆ ಬರುತ್ತಾರೆ. ಕೆಲವರು ಕೊಲ್ಲಿ ನಾಡುಗಳಲ್ಲಿ ನೆಲೆಸಿರುವ ಈ ಕಡೆಯವರ ಮಕ್ಕಳು. ಅವರು ಬರುವುದು ಅಂತರ್ಜಾಲದ ಪರದೆಯ ಮೇಲೆ. ಆ ತಾಯಿತಂದೆಯರು ವಿನಯದಿಂದಲೇ ಒಂದು ಪ್ರಶ್ನೆಯನ್ನು ಕೇಳುತ್ತಾರೆ. ಬೆರಳ ತುದಿಯಲ್ಲಿ ನೂರಾರು ಪಾಠಗಳಿವೆ, ಹಾಡುಗಳನ್ನು ಸಾಲುಸಾಲಾಗಿ ಬಿಡಿಸಿ ಹೇಳಿಕೊಡುವ ವಿಡಿಯೋಗಳಿವೆ. ಹೀಗಿರುವಾಗ ಮಾತಿಲ್ಲದ ಈ ಒಣ ವರಸೆಗಳನ್ನು ತಿಂಗಳುಗಟ್ಟಲೆ ಹಾಡಿಸುವುದೇಕೆ? ಈ ಪ್ರಶ್ನೆಗೆ ಶಾಸ್ತ್ರಗ್ರಂಥದಿಂದ ಉತ್ತರ ಕೊಡಬಹುದು. ಆದರೆ ದಾಸರ ಜೀವನದಲ್ಲಿಯೇ ಇದಕ್ಕಿಂತ ಮೇಲಾದ ಉತ್ತರವಿದೆಯೆಂದು ನನಗೆ ತೋರುತ್ತದೆ.

ದಾಸರ ಪೂರ್ವಾಶ್ರಮದ ಹೆಸರು ಶ್ರೀನಿವಾಸ ನಾಯಕ. ತಂದೆ ವರದಪ್ಪ ನಾಯಕ. ಹುಟ್ಟಿದ್ದು ೧೪೮೪ರಲ್ಲಿ ಎಂಬುದು ರೂಢಿಯ ಲೆಕ್ಕ. ಹುಟ್ಟೂರಿನ ವಿಷಯದಲ್ಲಿ ಬಹುಕಾಲದಿಂದ ಚರ್ಚೆಯಿದೆ. ಪುಣೆಯ ಸಮೀಪದ ಪುರಂದರಗಡವೆಂಬುದು ಒಂದು ಪಕ್ಷ. ಮಲೆನಾಡಿನ ತೀರ್ಥಹಳ್ಳಿಯ ಬಳಿಯ ಆರಗವೆಂಬುದು ಇನ್ನೊಂದು ಪಕ್ಷ. ಕರ್ನಾಟಕ ಸರ್ಕಾರದ ಸೂಚನೆಯಂತೆ ಇದನ್ನು ಪರಿಶೀಲಿಸಿದ ವಿದ್ವಾಂಸರ ಸಮಿತಿಯು ೨೦೧೮ರಲ್ಲಿ ಮಲೆನಾಡಿನ ಪಕ್ಷವನ್ನೇ ಎತ್ತಿಹಿಡಿಯಿತು. ವಾಮಂಜೂರಿನವನಾದ ನನಗೆ ಈ ಪಕ್ಷದಲ್ಲಿ ಸ್ವಲ್ಪ ಮಮತೆ ಇದ್ದರೆ ಅದನ್ನು ಓದುಗರು ಮನ್ನಿಸಬೇಕು. ನಮ್ಮೂರನ್ನು ಹಾದುಹೋಗುವ ಹೆದ್ದಾರಿಯು ಗುರುಪುರ, ಮೂಡುಬಿದಿರೆ, ಕಾರ್ಕಳಗಳನ್ನು ದಾಟಿ, ಘಟ್ಟವನ್ನೇರಿ, ತೀರ್ಥಹಳ್ಳಿಗೇ ಹೋಗುತ್ತದೆ. ಆರಗವು ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಮುಖ್ಯಸ್ಥಾನವಾಗಿತ್ತು. ಘಟ್ಟದ ಕೆಳಗೆ ಬಾರಕೂರು, ಮಂಗಳೂರು ರಾಜ್ಯಗಳಿದ್ದವು. ಘಟ್ಟದ ಮೇಲಣ ಸರಕು ಕಡಲಿಗೂ ಕಡಲಿನ ಸರಕು ಘಟ್ಟದ ಮೇಲಕ್ಕೂ ಹರಿಯುತ್ತಿದ್ದ ಆ ಕಾಲದಲ್ಲಿ, ಹಣದ ವ್ಯವಹಾರ ಬಲ್ಲ ಮನೆತನಕ್ಕೆ ಆರಗವು ತಕ್ಕ ನೆಲೆಯೇ ಸರಿ.

ನಾಯಕರು ಚಿನಿವಾರರು, ರತ್ನಪಡಿ ವ್ಯಾಪಾರಿಗಳು. ನವಕೋಟಿ ನಾರಾಯಣನೆಂದು ಜನ ಅವರನ್ನು ಕರೆದರು. ಐಶ್ವರ್ಯದಷ್ಟೇ ಅವರ ಜಿಪುಣತನವೂ ಪ್ರಸಿದ್ಧವಾಗಿತ್ತೆಂದು ಸಂಪ್ರದಾಯ ಹೇಳುತ್ತದೆ. ಮಗನ ಉಪನಯನಕ್ಕಾಗಿ ಬೇಡಬಂದ ಬಡ ಬ್ರಾಹ್ಮಣನನ್ನು ನಾಯಕರು ತಿಂಗಳುಗಟ್ಟಲೆ ಅಲೆಸಿದರು. ಆತನು ಮನೆಗೆ ಹೋಗಿ ನಾಯಕರ ಪತ್ನಿ ಸರಸ್ವತೀಬಾಯಿಯವರನ್ನು ಬೇಡಿದನು. ತನ್ನದೆಂದು ಹೇಳಬಹುದಾದುದು ಮೂಗುತಿಯೊಂದೇ ಆದುದರಿಂದ ಆಕೆ ಅದನ್ನೇ ಬಿಚ್ಚಿಕೊಟ್ಟಳು. ಬ್ರಾಹ್ಮಣನು ಅದನ್ನು ಒತ್ತೆಯಿಡಲು ತಂದುದು ನಾಯಕರ ಅಂಗಡಿಗೇ. ಒಡವೆಯ ಗುರುತು ಹಿಡಿದ ನಾಯಕರು ಅದನ್ನು ಪೆಟ್ಟಿಗೆಯಲ್ಲಿ ಭದ್ರಪಡಿಸಿ ಮನೆಗೆ ಬಂದು ಮೂಗುತಿಯನ್ನು ಕೇಳಿದರು. ದಿಕ್ಕುಗಾಣದ ಆ ತಾಯಿ ವಿಷದ ಬಟ್ಟಲನ್ನು ಕೈಗೆತ್ತಿಕೊಂಡಾಗ ಬಟ್ಟಲೊಳಗೆ ಮೂಗುತಿ ಬಿದ್ದಿತು. ಅಂಗಡಿಯ ಪೆಟ್ಟಿಗೆ ಬರಿದಾಗಿತ್ತು. ನಾಯಕರು ತಮ್ಮದೆಲ್ಲವನ್ನೂ ದಾನಮಾಡಿ ಹೆಂಡತಿಮಕ್ಕಳೊಡನೆ ಮನೆಬಿಟ್ಟು ಹೊರಟರು.

ಈ ಪವಾಡವನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ಕಥೆಯ ತಿರುಳು ಬೇರೆಯೇ ಇದೆ. ಒರೆಗಲ್ಲಿನ ಮುಂದೆ ಕುಳಿತು ಗುಲಗಂಜಿಯ ತೂಕದ ವ್ಯತ್ಯಾಸವನ್ನೂ ಬಿಡದೆ ಹಿಡಿಯುತ್ತಿದ್ದ ಕಣ್ಣು, ಒಂದು ದಿನ ತನ್ನ ಅಳತೆಗೆ ಸಿಕ್ಕದ ವಸ್ತುವನ್ನು ಕಂಡಿತು. ಸಂಪತ್ತು ಹೋಯಿತು; ಅಳತೆಯ ಕಣ್ಣು ಮಾತ್ರ ಹೋಗಲಿಲ್ಲ. ಮುಂದೆ ಅದು ನಾಡಿನ ಮಕ್ಕಳಿಗೆ ಒದಗಿತು.

ಅವರು ಬಂದು ಸೇರಿದುದು ಹಂಪೆಗೆ. ತೀರ್ಥಹಳ್ಳಿಯನ್ನು ತೊಳೆದು ಹರಿಯುವ ತುಂಗೆಯೇ ಕೂಡಲಿಯಲ್ಲಿ ಭದ್ರೆಯನ್ನು ಕೂಡಿ ಹಂಪೆಯ ಬಂಡೆಗಳ ನಡುವೆ ನುಗ್ಗುತ್ತದೆ. ಅಲ್ಲಿ ರಾಜಗುರುಗಳಾಗಿದ್ದ ವ್ಯಾಸರಾಯರು ಸುಮಾರು ೧೫೨೫ರಲ್ಲಿ ನಾಯಕರಿಗೆ ದಾಸದೀಕ್ಷೆ ಕೊಟ್ಟು ಪುರಂದರವಿಠಲನೆಂಬ ಅಂಕಿತವನ್ನು ಅನುಗ್ರಹಿಸಿದರೆಂದು ಹೇಳುತ್ತಾರೆ. ಆಗ ಅವರ ವಯಸ್ಸು ನಾಲ್ವತ್ತನ್ನು ಮೀರಿತ್ತು. ಮುಂದಿನ ನಾಲ್ಕು ದಶಕಗಳ ಬಾಳು ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ, ಬೀದಿಬೀದಿಯ ಭಿಕ್ಷೆ. ಅಂದಂದಿನ ಅಕ್ಕಿ ಅಂದಂದಿಗೆ; ನಾಳೆಗೆಂದು ಕೂಡಿಡುವ ಪದ್ಧತಿಯಿಲ್ಲ. ಹಾಡಿದ ಕೀರ್ತನೆಗಳು ನಾಲ್ಕು ಲಕ್ಷದ ಎಪ್ಪತ್ತೈದು ಸಾವಿರವೆಂದು ಸಂಪ್ರದಾಯದ ಎಣಿಕೆ. ನಮಗೆ ಉಳಿದಿರುವುವು ಅದರಲ್ಲಿ ಅತ್ಯಲ್ಪ ಭಾಗ.

ಇಲ್ಲಿ ಓದುಗರು ಆ ಪಟ್ಟಣದ ಸಂಗೀತವನ್ನು ಸ್ವಲ್ಪ ಗಮನಿಸಬೇಕು. ವಿಜಯನಗರದಲ್ಲಿ ಸಂಗೀತಶಾಸ್ತ್ರವು ಉಚ್ಛ್ರಾಯದಲ್ಲಿತ್ತು. ೧೫೫೦ರಲ್ಲಿ ರಾಮಾಮಾತ್ಯನು ಅಳಿಯ ರಾಮರಾಯನ ಆಶ್ರಯದಲ್ಲಿ ಸ್ವರಮೇಳಕಲಾನಿಧಿಯನ್ನು ಬರೆದನು. ಅದರಲ್ಲಿ ಮೊದಲ ಸ್ಥಾನ ಶುದ್ಧಸ್ವರಗಳ ಮುಖಾರಿ ಮೇಳಕ್ಕೆ. ಇಂದಿನ ಹೆಸರಿನಲ್ಲಿ ಹೇಳುವುದಾದರೆ ಅದು ಕನಕಾಂಗಿಯ ಸ್ವರಸಮೂಹ. ಶಾಸ್ತ್ರದ ದೃಷ್ಟಿಯಿಂದ ಅದು ಸರಿ. ಆದರೆ ಅದರಲ್ಲಿ ಷಡ್ಜ, ರಿಷಭ, ಗಾಂಧಾರಗಳು ಒತ್ತೊತ್ತಾಗಿ ನಿಲ್ಲುತ್ತವೆ. ನುರಿತ ಗಾಯಕನೂ ಎಚ್ಚರದಿಂದ ಹಾಡಬೇಕಾದ ಸ್ವರಪಂಕ್ತಿಯದು. ಮಗುವಿನ ಗಂಟಲಿಗೆ ಅದನ್ನು ಮೊದಲ ಪಾಠವಾಗಿ ಕೊಡುವುದು ಸಾಧ್ಯವೆ? ಶಾಸ್ತ್ರದ ಆರಂಭವೊಂದು, ಕಲಿಕೆಯ ಆರಂಭವೊಂದು. ದಾಸರ ಹೆಸರಿನಲ್ಲಿ ನಮಗೆ ಬಂದಿರುವ ಪಾಠವು ಎರಡನೆಯದನ್ನು ಆರಿಸಿಕೊಂಡಿತು.

ಅದು ಆರಿಸಿದ ರಾಗ ಮಾಳವಗೌಳ. ಇಂದು ನಾವು ಮಾಯಾಮಾಳವಗೌಳವೆನ್ನುತ್ತೇವೆ. ಹಾರ್ಮೋನಿಯಮ್ಮಿನ ಮೇಲೆ ಎಣಿಸಿ ನೋಡಿದರೆ ಇದರ ಸೊಗಸು ತಿಳಿಯುತ್ತದೆ. ಷಡ್ಜದಿಂದ ರಿಷಭಕ್ಕೆ ಒಂದೇ ಮೆಟ್ಟಿಲು. ರಿಷಭದಿಂದ ಗಾಂಧಾರಕ್ಕೆ ಮೂರು. ಗಾಂಧಾರದಿಂದ ಮಧ್ಯಮಕ್ಕೆ ಮತ್ತೆ ಒಂದು. ಪಂಚಮದಿಂದ ಮೇಲೆಯೂ ಇದೇ ಕ್ರಮ: ಒಂದು, ಮೂರು, ಒಂದು. ಕೆಳಗಿನ ಅರ್ಧವನ್ನು ಕಲಿತ ಮಗು ಮೇಲಿನ ಅರ್ಧವನ್ನೂ ಕಲಿತಂತೆಯೇ. ಕಿರಿದಾದ ಹೆಜ್ಜೆಯ ಪಕ್ಕದಲ್ಲಿಯೇ ಹಿರಿದಾದ ಹೆಜ್ಜೆ ಇರುವುದರಿಂದ ಕಿವಿಗೆ ಅಂತರದ ಭೇದ ಬೇಗನೆ ಹಿಡಿಯುತ್ತದೆ. ಸ್ವರವು ಜಾರಿದರೆ ಮಗುವಿಗೇ ಗೊತ್ತಾಗುತ್ತದೆ.

ಅನಂತರದ ಕ್ರಮವನ್ನು ನೋಡಿ. ಮೊದಲು ಸರಳೆ ವರಸೆ: ಎಂಟು ಎಣಿಕೆಯ ಆದಿತಾಳ, ಎಣಿಕೆಗೊಂದು ಸ್ವರ. ಅದನ್ನೇ ಎರಡನೆಯ ಕಾಲದಲ್ಲಿ ಎಣಿಕೆಗೆ ಎರಡು, ಮೂರನೆಯ ಕಾಲದಲ್ಲಿ ನಾಲ್ಕು. ಹೊಸ ವಿಷಯವೇನನ್ನೂ ಹೇರದೆ ಹಳೆಯದನ್ನೇ ಬಿಗಿಮಾಡುವ ಉಪಾಯವಿದು. ಬಳಿಕ ಜಂಟಿ ವರಸೆ: ಒಂದೇ ಸ್ವರವನ್ನು ಎರಡು ಸಲ ನುಡಿದು, ಎರಡನೆಯದಕ್ಕೆ ಒತ್ತುಕೊಟ್ಟು ಗಂಟಲನ್ನು ಹದಗೊಳಿಸುವುದು. ಆಮೇಲೆ ಏಳು ತಾಳಗಳ ಅಲಂಕಾರ: ಧ್ರುವಕ್ಕೆ ೧೪ ಅಕ್ಷರ, ಮಠ್ಯಕ್ಕೆ ೧೦, ರೂಪಕಕ್ಕೆ ೬, ಝಂಪೆಗೆ ೧೦, ತ್ರಿಪುಟಕ್ಕೆ ೭, ಅಟ್ಟಕ್ಕೆ ೧೪, ಏಕಕ್ಕೆ ೪. ಆ ಮೇಲೆಯೇ ಮಾತಿನ ಪ್ರವೇಶ. ಅದೂ ಮಲಹರಿ ರಾಗದ ಪುಟ್ಟ ಪಿಳ್ಳಾರಿ ಗೀತೆಗಳಲ್ಲಿ. ಬಹುಮಟ್ಟಿಗೆ ಸ್ವರಕ್ಕೊಂದು ಅಕ್ಷರ, ಸಂಗತಿಗಳ ತೊಡಕಿಲ್ಲ. ಮಲಹರಿ ಮಾಯಾಮಾಳವಗೌಳದ ಮಗಳು. ಅದರಲ್ಲಿ ನಿಷಾದವೇ ಇಲ್ಲ, ಗಾಂಧಾರವು ಇಳಿಯುವಾಗ ಮಾತ್ರ ಬರುತ್ತದೆ. ಕಲಿತ ಸ್ವರಗಳಲ್ಲಿ ಕೆಲವನ್ನು ಬಿಟ್ಟರೆ ಹೊಸದೊಂದು ಮುಖ ಮೂಡುತ್ತದೆಂಬ ರಾಗತತ್ತ್ವವು ಮಗುವಿಗೆ ವ್ಯಾಖ್ಯಾನವಿಲ್ಲದೆ ಮನವರಿಕೆಯಾಗುತ್ತದೆ. ಚಿನಿವಾರನು ಗುಲಗಂಜಿಯಿಂದ ತೂಗುವಂತೆ, ಒಂದು ಸಲಕ್ಕೆ ಒಂದೇ ಕಾಳು.

ಈ ವರಸೆಗಳೆಲ್ಲವನ್ನೂ ದಾಸರೇ ಮಾಡಿದರೆ ಎಂದು ಕೇಳುವ ವಿಮರ್ಶಕರಿದ್ದಾರೆ. ಇದಕ್ಕಿರುವ ಆಧಾರ ಗುರುಶಿಷ್ಯ ಪರಂಪರೆಯ ಒಮ್ಮತವೇ. ನಾನು ಆ ಒಮ್ಮತವನ್ನು ಹಗುರವಾಗಿ ಎಣಿಸುವುದಿಲ್ಲ. ಅಲಂಕಾರಗಳ ತಾಳಗಳಿಗೆ ಸೂಳಾದಿ ಸಪ್ತತಾಳಗಳೆಂದೇ ಹೆಸರು. ಖಂಡದಿಂದ ಖಂಡಕ್ಕೆ ತಾಳ ಬದಲಾಗುವ ಸೂಳಾದಿಗಳನ್ನು ದಾಸರು ರಚಿಸಿದ್ದಾರೆ. ಅಂಥ ರಚನೆಗಳನ್ನು ಬಾಯಿಂದ ಬಾಯಿಗೆ ದಾಟಿಸಬೇಕಾದವನಿಗೆ, ಏಳು ತಾಳಗಳಲ್ಲಿಯೂ ನುರಿತ ಶಿಷ್ಯರು ಬೇಕೇ ಬೇಕು. ಪಾಠವು ಆ ಅಗತ್ಯದಿಂದ ಹುಟ್ಟಿತೆಂದು ಊಹಿಸಿದರೆ ತಪ್ಪೇನು? ನೂರಾರು ವರ್ಷ ಬೋಧಕರೆಲ್ಲರೂ ತಮ್ಮ ಮೊದಲ ಪಾಠವನ್ನು ಒಬ್ಬನ ಹೆಸರಿನಲ್ಲಿಯೇ ಹೇಳಿದರೆಂದರೆ, ಆ ಹೆಸರಿಗೆ ಅಷ್ಟು ಭಾರವಿತ್ತೆಂಬುದಾದರೂ ನಿಶ್ಚಯ. ತ್ಯಾಗರಾಜರು ತಮ್ಮ ಪ್ರಹ್ಲಾದ ಭಕ್ತಿವಿಜಯದ ಆರಂಭದಲ್ಲಿ ಪುರಂದರದಾಸರಿಗೆ ವಂದನೆ ಸಲ್ಲಿಸಿರುವುದನ್ನೂ ಇಲ್ಲಿ ನೆನೆಯಬಹುದು.

ದಾಸರು ದೇಹವಿಟ್ಟುದು ೧೫೬೪ರ ಪುಷ್ಯ ಬಹುಳ ಅಮಾವಾಸ್ಯೆಯಂದು, ಹಂಪೆಯಲ್ಲಿ. ವಿಠಲ ದೇವಾಲಯದ ಸಮೀಪ ಹೊಳೆಯ ಅಂಚಿನಲ್ಲಿರುವ ಪುರಂದರ ಮಂಟಪವು ಇಂದಿಗೂ ಪ್ರವಾಹ ಬಂದಾಗ ನೀರಿನಲ್ಲಿ ಮುಳುಗಿ ಮತ್ತೆ ಏಳುತ್ತದೆ. ಮರುವರ್ಷವೇ, ೧೫೬೫ರ ಜನವರಿಯಲ್ಲಿ, ರಕ್ಕಸಗಿ ತಂಗಡಿಯ ಕಾಳಗ ನಡೆಯಿತು. ಪಟ್ಟಣ ಸೂರೆಯಾಯಿತು, ಅರಮನೆಗಳು ಉರುಳಿದವು, ವಿಠಲನ ಗುಡಿ ಪೂಜೆಯಿಲ್ಲದೆ ನಿಂತಿತು. ಕಲ್ಲಿನಲ್ಲಿ ಕಟ್ಟಿದ್ದು ಮುರಿಯಿತು. ಮಕ್ಕಳ ಗಂಟಲಿನಲ್ಲಿ ಇರಿಸಿದ್ದನ್ನು ಮಾತ್ರ ಯಾವ ಸೇನೆಯೂ ಮುಟ್ಟಲಾಗಲಿಲ್ಲ. ಅದು ತಂಜಾವೂರಿಗೆ, ಮೈಸೂರಿಗೆ ನಡೆದುಹೋಯಿತು. ಕನ್ನಡವರಿಯದ ಮನೆಗಳಲ್ಲಿಯೂ ಕನ್ನಡದ ಗೀತೆ ಮೊದಲ ಪಾಠವಾಯಿತು.

ದಾಸರ ಮಾತನ್ನು ಅಚ್ಚಿನ ಮೊಳೆಗೆ ಏರಿಸಿದ ಪುಣ್ಯದಲ್ಲಿ ನಮ್ಮ ಮಂಗಳೂರಿಗೂ ಪಾಲುಂಟು. ೧೮೫೦ರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಹರಿದಾಸರ ಪದಗಳನ್ನು ಕೂಡಿಸಿ ಇಲ್ಲಿಯೇ ಮುದ್ರಿಸಿದನು. ಪರಮತದ ಪಾದ್ರಿಯೊಬ್ಬನು ದಾಸರ ಪದಗಳಿಗೆ ಹೀಗೆ ಒದಗಿದುದು ಸಣ್ಣ ಸಂಗತಿಯಲ್ಲ. ಆದರೆ ಪುಸ್ತಕದಲ್ಲಿ ಬಂದುದು ಪದದ ಮಾತು; ದನಿಯು ಗುರುವಿನ ಬಾಯಲ್ಲಿಯೇ ಉಳಿಯಿತು. ೧೯೦೪ರಲ್ಲಿ ಎಟ್ಟಯಾಪುರದಿಂದ ಸುಬ್ಬರಾಮ ದೀಕ್ಷಿತರ ಸಂಗೀತ ಸಂಪ್ರದಾಯ ಪ್ರದರ್ಶಿನಿಯು ವಿವರವಾದ ಸ್ವರಲಿಪಿಯೊಡನೆ ಹೊರಬಂದಾಗ ಸ್ವರವನ್ನೂ ಗಮಕವನ್ನೂ ಕಾಗದದ ಮೇಲೆ ಗುರುತಿಸುವ ದಾರಿ ಸ್ಪಷ್ಟವಾಯಿತು. ಗ್ರಾಮಫೋನು, ಆಕಾಶವಾಣಿಗಳು ದನಿಯನ್ನೇ ಹೊತ್ತು ತಂದವು. ಈಗ ಅಂತರ್ಜಾಲವು ಮಾತು, ಲಿಪಿ, ದನಿ, ಮುಖ ಎಲ್ಲವನ್ನೂ ಒಟ್ಟಿಗೆ ತಂದಿದೆ. ಇದನ್ನು ಹಳಿಯುವ ಮನಸ್ಸು ನನಗಿಲ್ಲ. ಭಿಕ್ಷಾಪಾತ್ರೆ ಹಿಡಿದು ಬೀದಿಯಲ್ಲಿ ವಿದ್ಯೆಯನ್ನು ಚೆಲ್ಲಿದ ಮಹಾನುಭಾವರು, ಬೆಲೆಯಿಲ್ಲದೆ ಮನೆಮನೆಗೆ ತಲುಪುವ ಪಾಠವನ್ನು ಕಂಡಿದ್ದರೆ ಸಂತೋಷಪಡುತ್ತಿದ್ದರೆಂದೇ ನನ್ನ ಎಣಿಕೆ.

ಆದರೆ ಪರದೆಯ ಪಾಠಕ್ಕೆ ಅದರದೇ ಆದ ತೊಡಕುಗಳಿವೆ. ದನಿಯು ದೂರವನ್ನು ದಾಟಿ ಬರುವಾಗ ಕ್ಷಣದ ಒಂದಂಶ ತಡವಾಗುತ್ತದೆ. ಗುರುಶಿಷ್ಯರು ಒಟ್ಟಿಗೆ ಹಾಡಲು ಹೊರಟರೆ ತಾಳವು ಎರಡಾಗಿ ಒಡೆಯುತ್ತದೆ. ಮಾತಿಗೆಂದು ರಚಿತವಾದ ಯಂತ್ರವು ತಂಬೂರಿಯ ಎಡೆಬಿಡದ ನಾದವನ್ನು ಗದ್ದಲವೆಂದು ಬಗೆದು ಅಳಿಸಿಹಾಕುವುದೂ ಉಂಟು. ಆದುದರಿಂದ ಶ್ರುತಿಯು ಮಗುವಿನ ಬಳಿಯಲ್ಲಿಯೇ ಇರಬೇಕು. ಗುರು ಒಂದು ಆವರ್ತ ಹಾಡಿ ನಿಲ್ಲಿಸಬೇಕು. ಮಗು ಅದನ್ನು ತಾನೇ ತಾಳ ಹಾಕಿಕೊಂಡು ಒಪ್ಪಿಸಬೇಕು. ಹೀಗೆ ಕಲಿಯಲು ತಕ್ಕ ಪಾಠ ಯಾವುದೆಂದು ಹುಡುಕಿದರೆ ಸಿಕ್ಕುವುದು ಮತ್ತೆ ದಾಸರ ವರಸೆಯೇ: ಒಂದೇ ಉಸಿರಿನ ಅಳತೆ, ನೆನಪಿನಲ್ಲಿ ನಿಲ್ಲುವ ಸಾಲು, ತಪ್ಪಿದರೆ ಒಡನೆ ಕಾಣುವ ಸರಳತೆ. ನೇರವಾಗಿ ಕೃತಿಗೆ ಹಾರಿದ ಮಗು ವಿಡಿಯೋದ ಗಾಯಕನನ್ನು ಅನುಕರಿಸುತ್ತದೆ. ಆ ಹಾಡು ಮುಗಿದರೆ ಅದರ ವಿದ್ಯೆಯೂ ಮುಗಿಯಿತು. ವರಸೆಯಿಂದ ಬಂದ ಮಗುವಿಗೆ ಮುಂದಿನ ಹಾಡನ್ನು ತಾನಾಗಿಯೇ ಬಿಡಿಸಿಕೊಳ್ಳುವ ಕೀಲಿಕೈ ದೊರೆತಿರುತ್ತದೆ.

ಇಂದು ಪಾಠಗಳಿಗೆ ಬರವಿಲ್ಲ. ಬರವಿರುವುದು ಕ್ರಮಕ್ಕೆ, ಮತ್ತು ಮಗುವಿನ ದನಿಯನ್ನು ಕೇಳಿ ತಿದ್ದುವ ಕಿವಿಗೆ. ವಿಡಿಯೋ ಹಾಡಬಲ್ಲದು, ಕೇಳಿಸಿಕೊಳ್ಳಲಾರದು. ಯಾವುದಾದ ಮೇಲೆ ಯಾವುದು ಎಂಬ ವಿವೇಕವನ್ನು ನಮಗೆ ಕೊಟ್ಟವರು, ಒಂದು ಕಾಲಕ್ಕೆ ನವಕೋಟಿಯನ್ನು ಎಣಿಸಿ, ಅದನ್ನು ಬಿಟ್ಟು, ಕಡೆಗೆ ಏಳೇ ಸ್ವರಗಳನ್ನು ಎಣಿಸಲು ಕಲಿಸಿದ ಆ ವ್ಯಾಪಾರಿ. ಲಕ್ಷಾಂತರ ಕೀರ್ತನೆಗಳಲ್ಲಿ ಬಹುಪಾಲು ಕಾಲದ ಹೊಳೆಯಲ್ಲಿ ಹೋದವು. ಉಳಿದವುಗಳಲ್ಲಿ ಅತ್ಯಂತ ಕಿರಿದಾದುದು, ಮಾತೇ ಇಲ್ಲದುದು, ಯಾರೂ ಸಭೆಯಲ್ಲಿ ಹಾಡದಿರುವುದು, ಈ ಮೊದಲ ಪಾಠ. ಅದೇ ಅವರ ಎಲ್ಲ ಹಾಡುಗಳನ್ನೂ ಹೊತ್ತು ನಿಂತಿದೆ.