ಯುದ್ಧಗಳ ನಡುವೆ ಒಂದು ಸಂಸಾರ

ನೆಪೋಲಿಯನ್ ಬೋನಪಾರ್ಟೆ ಎಂಬ ಹೆಸರು ಕೇಳಿದರೆ ನಮಗೆ ಮೊದಲು ನೆನಪಾಗುವುದು ಯುದ್ಧಗಳು. ಆಸ್ಟರ್‌ಲಿಟ್ಜ್ 1805, ವಾಟರ್‌ಲೂ 1815 ಎಂದು ಪರೀಕ್ಷೆಗಾಗಿ ನಾವೆಲ್ಲ ಬಾಯಿಪಾಠ ಮಾಡಿದವರೇ. ಆದರೆ ಅವನು ಯುದ್ಧಕ್ಕೆ ಹೊರಟಾಗಲೆಲ್ಲ ಹಿಂದೆ ಒಂದು ಮನೆ ಉಳಿಯುತ್ತಿತ್ತು. ಆ ಮನೆಯಲ್ಲಿ ಅವನ ಮೊದಲ ಹೆಂಡತಿ ಜೋಸೆಫಿನ್ ಇರುತ್ತಿದ್ದಳು. ಅವರ ಮದುವೆ ಹದಿಮೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಉಳಿಯಿತು. ಜೋಸೆಫಿನ್‌ಳ ಜೀವನವನ್ನು ಓದಿದ ಮೇಲೆ ಆ ಯುದ್ಧದ ಇಸವಿಗಳು ನನಗೆ ಬೇರೆ ರೀತಿಯಲ್ಲಿ ಕಾಣತೊಡಗಿವೆ. ಅದಕ್ಕೇ ಈ ಲೇಖನ.

ಜೋಸೆಫಿನ್ ಹುಟ್ಟಿದ್ದು 1763ರ ಜೂನ್ 23ರಂದು, ಫ್ರಾನ್ಸಿನಿಂದ ಬಹುದೂರದ ಮಾರ್ಟಿನಿಕ್ ಎಂಬ ದ್ವೀಪದಲ್ಲಿ. ಅದು ಕೆರಿಬಿಯನ್ ಸಮುದ್ರದಲ್ಲಿದ್ದ ಫ್ರೆಂಚರ ವಸಾಹತು. ಅವಳ ತಂದೆಗೆ ಕಬ್ಬಿನ ತೋಟವಿತ್ತು. ಅಲ್ಲಿ ದುಡಿಯುತ್ತಿದ್ದವರು ಆಫ್ರಿಕಾ ಮೂಲದ ಗುಲಾಮರು. ಮನೆಯಲ್ಲಿ ಅವಳನ್ನು ಎಲ್ಲರೂ ರೋಸ್ ಎಂದು ಕರೆಯುತ್ತಿದ್ದರು. ಹದಿನಾರನೆಯ ವಯಸ್ಸಿನಲ್ಲಿ ಅವಳನ್ನು ಫ್ರಾನ್ಸಿಗೆ ಕರೆತಂದು ಅಲೆಕ್ಸಾಂಡರ್ ಬೋಹಾರ್ನೆ ಎಂಬ ಶ್ರೀಮಂತ ಮನೆತನದ ಸೈನ್ಯಾಧಿಕಾರಿಗೆ ಮದುವೆ ಮಾಡಿಕೊಟ್ಟರು. ಯೂಜಿನ್ ಎಂಬ ಮಗ, ಹೊರ್ಟೆನ್ಸ್ ಎಂಬ ಮಗಳು ಹುಟ್ಟಿದರು. ಆದರೆ ಗಂಡ ಹೆಂಡತಿಗೆ ಹೊಂದಿಕೆಯಾಗಲಿಲ್ಲ, ಬೇರೆ ಬೇರೆಯಾಗಿ ಇರತೊಡಗಿದರು.

ಆಮೇಲೆ ಫ್ರಾನ್ಸಿನ ಮಹಾಕ್ರಾಂತಿ ಬಂತು. ರೋಬೆಸ್ಪಿಯರ್‌ನ ಭೀಕರ ಆಳ್ವಿಕೆಯಲ್ಲಿ ಗಂಡ ಹೆಂಡತಿ ಇಬ್ಬರೂ ಜೈಲು ಸೇರಿದರು. 1794ರ ಜುಲೈ 23ರಂದು ಅಲೆಕ್ಸಾಂಡರ್‌ನ ತಲೆ ಗಿಲೊಟಿನ್ ಯಂತ್ರಕ್ಕೆ ಸಿಕ್ಕಿ ಉರುಳಿತು. ಐದು ದಿನ ಕಳೆದ ಮೇಲೆ ಅದೇ ಯಂತ್ರದಲ್ಲಿ ರೋಬೆಸ್ಪಿಯರ್‌ನ ತಲೆಯೂ ಹೋಯಿತು. ಹಾಗಾಗಿ ಅವಳ ಜೀವ ಉಳಿಯಿತು. ಜೈಲಿನಿಂದ ಹೊರಬಂದಾಗ ಅವಳು ಎರಡು ಮಕ್ಕಳ ವಿಧವೆ. ಕೈಯಲ್ಲಿ ಹಣವಿರಲಿಲ್ಲ, ಸುತ್ತ ಸಾಲವಿತ್ತು. ಮುಂದೆ ಅವಳು ಮಾಡಿದ ಎಷ್ಟೋ ಕೆಲಸಗಳನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ದಿನಗಳನ್ನು ನೆನಪಿಟ್ಟುಕೊಳ್ಳಬೇಕು.

1795ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಬೀದಿಗಳಲ್ಲಿ ದಂಗೆ ಎದ್ದಿತು. ಅದನ್ನು ಫಿರಂಗಿ ಹಾರಿಸಿ ಅಡಗಿಸಿದ ಯುವ ಸೇನಾಪತಿಯೇ ನೆಪೋಲಿಯನ್. ಕಾರ್ಸಿಕಾ ದ್ವೀಪದವನು, ಆಗ ಇಪ್ಪತ್ತಾರು ವರ್ಷ. ಅವನೂ ದ್ವೀಪದವನು, ಅವಳೂ ದ್ವೀಪದವಳು. ಅವನಿಗಿಂತ ಅವಳು ಆರು ವರ್ಷ ದೊಡ್ಡವಳು. ರೋಸ್ ಎಂಬ ಹೆಸರು ಬಿಟ್ಟು ಜೋಸೆಫಿನ್ ಎಂದು ಕರೆಯಲು ಶುರುಮಾಡಿದವನು ಅವನೇ. 1796ರ ಮಾರ್ಚ್ 9ರ ರಾತ್ರಿ ಸರ್ಕಾರಿ ಕಚೇರಿಯಲ್ಲಿ ಮದುವೆ ನಡೆಯಿತು. ಮದುಮಗ ಸುಮಾರು ಎರಡು ಗಂಟೆ ತಡವಾಗಿ ಬಂದ. ದಾಖಲೆಯಲ್ಲಿ ಅವಳು ತನ್ನ ವಯಸ್ಸನ್ನು ನಾಲ್ಕು ವರ್ಷ ಇಳಿಸಿದಳು, ಅವನು ತನ್ನದನ್ನು ಒಂದೂವರೆ ವರ್ಷ ಏರಿಸಿದ. ಕಾಗದದ ಮೇಲೆ ಇಬ್ಬರಿಗೂ ಒಂದೇ ವಯಸ್ಸಾಯಿತು!

ಮಾರ್ಚ್ 11ರಂದು ಅವನು ಇಟಲಿಯ ಯುದ್ಧಕ್ಕೆ ಹೊರಟುಹೋದ. ಮದುವೆಯಾಗಿ ಎರಡೇ ದಿನವಾಗಿತ್ತು.

ಇಟಲಿಯಲ್ಲಿ ನೆಪೋಲಿಯನ್ ಒಂದಾದ ಮೇಲೊಂದು ಯುದ್ಧ ಗೆದ್ದ. ಏಪ್ರಿಲ್‌ನಲ್ಲಿ ಮೊಂಟೆನೊಟ್ಟೆ, ಮೇ 10ರಂದು ಲೋದಿ, ಮೇ 15ರಂದು ಮಿಲಾನ್ ನಗರ ಪ್ರವೇಶ. ಇಡೀ ಯುರೋಪ್ ಅವನ ಹೆಸರು ಹೇಳುತ್ತಿದ್ದಾಗ ಅವನು ಡೇರೆಯಲ್ಲಿ ಕುಳಿತು ಹೆಂಡತಿಗೆ ಪತ್ರ ಬರೆಯುತ್ತಿದ್ದ. ಪ್ರಯಾಣದಲ್ಲಿ ಕುದುರೆ ಬದಲಿಸಲು ನಿಂತಲ್ಲಿಯೂ ಬರೆದ, ಯುದ್ಧ ಮುಗಿದ ರಾತ್ರಿಯೂ ಬರೆದ. ನನ್ನನ್ನು ಮರೆತೆಯಾ, ಏಕೆ ಉತ್ತರವಿಲ್ಲ, ಆರೋಗ್ಯವೇ, ಯಾವಾಗ ಬರುತ್ತೀಯ ಎಂದು ಮತ್ತೆ ಮತ್ತೆ ಕೇಳಿದ. ಸಾವಿರಾರು ಸೈನಿಕರಿಗೆ ಆಜ್ಞೆ ಕೊಡುವವನು ಒಂದು ಕಾಗದಕ್ಕಾಗಿ ಬೇಡುತ್ತಿದ್ದ. ಅವಳಿಂದ ಉತ್ತರ ಅಪರೂಪವಾಗಿ ಬರುತ್ತಿತ್ತು, ಬಂದರೂ ಚಿಕ್ಕದಾಗಿ.

ಇಟಲಿಗೆ ಬಾ ಎಂದು ಎಷ್ಟು ಕರೆದರೂ ಆರೋಗ್ಯ ಸರಿಯಿಲ್ಲ ಎಂದು ಅವಳು ದಿನ ತಳ್ಳಿದಳು. ಆ ಸಮಯದಲ್ಲಿ ಇಪೊಲಿಟ್ ಶಾರ್ಲ್ ಎಂಬ ಯುವ ಕುದುರೆಪಡೆ ಅಧಿಕಾರಿಯ ಜೊತೆ ಅವಳಿಗೆ ಸ್ನೇಹ ಬೆಳೆದಿತ್ತು. ಕೊನೆಗೆ ಜುಲೈಯಲ್ಲಿ ಮಿಲಾನ್ ತಲುಪಿದಳು. ಅವಳ ಜೊತೆ ಪ್ರಯಾಣ ಮಾಡಿದವರಲ್ಲಿ ಶಾರ್ಲ್ ಕೂಡ ಇದ್ದ. ಅದೇ ನವೆಂಬರಿನಲ್ಲಿ ನೆಪೋಲಿಯನ್ ಯುದ್ಧರಂಗದಿಂದ ಓಡೋಡಿ ಮಿಲಾನ್‌ಗೆ ಬಂದಾಗ ಕೋಣೆ ಖಾಲಿ. ಅವಳು ಜಿನೋವಾ ಊರಿಗೆ ಹೋಗಿದ್ದಳು.

ಇಲ್ಲಿಗೆ ಓದಿ ನಿಲ್ಲಿಸಿದರೆ ಜೋಸೆಫಿನ್ ಕೆಟ್ಟವಳು ಎಂದು ಹೇಳಿಬಿಡಬಹುದು. ಬಹಳ ಜನ ಹಾಗೇ ಹೇಳಿದ್ದಾರೆ. ಆದರೆ ಒಂದು ವಿಷಯ ಗಮನಿಸಬೇಕು. ಆ ಕಾಲದಲ್ಲಿ ಅವನು ಬರೆದ ಪತ್ರಗಳು ಉಳಿದಿವೆ, ಪುಸ್ತಕಗಳಾಗಿ ಅಚ್ಚಾಗಿವೆ. ಅವಳು ಅವನಿಗೆ ಬರೆದವುಗಳಲ್ಲಿ ಹೆಚ್ಚಿನವು ಉಳಿದಿಲ್ಲ. ಹಾಗಾಗಿ ನಾವು ಕೇಳುವುದು ಒಬ್ಬರ ಮಾತನ್ನು ಮಾತ್ರ. ಇದನ್ನು ಓದುವಾಗ ನನಗೆ ನಮ್ಮ ದಾದಿಯ ಟ್ರಂಕು ನೆನಪಾಯಿತು. ದಾದಾ ಸೌದಿಯಲ್ಲಿ ಕೆಲಸಕ್ಕಿದ್ದಾಗ ಬರೆದ ಉರ್ದು ಪತ್ರಗಳೆಲ್ಲ ಅದರಲ್ಲಿ ಕಟ್ಟು ಕಟ್ಟಾಗಿ ಇವೆ. ದಾದಿ ಬರೆದ ಪತ್ರ ಒಂದೂ ಇಲ್ಲ. ಕೋಣೆಯಿಂದ ಕೋಣೆಗೆ ಬದಲಾಗುತ್ತಿದ್ದ ದಾದಾ ಅವನ್ನು ಎಲ್ಲಿ ಇಟ್ಟುಕೊಳ್ಳಬೇಕಿತ್ತು? ಆ ಕಟ್ಟನ್ನು ಓದಿದವರಿಗೆ ದಾದಾ ಒಬ್ಬರೇ ಮನೆಯನ್ನು ನೆನೆಯುತ್ತಿದ್ದರು ಎನ್ನಿಸಬಹುದು. ಜೋಸೆಫಿನ್ ಮಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಕೆಲವೇ ತಿಂಗಳ ಪರಿಚಯ, ಎರಡು ದಿನದ ಸಂಸಾರ, ಹಿಂದೆ ಜೈಲು, ಮುಂದೆ ಏನೆಂದು ಗೊತ್ತಿಲ್ಲ. ಅಷ್ಟು ದೊಡ್ಡ ಪ್ರೀತಿಯ ಪತ್ರಗಳಿಗೆ ಅವಳು ಏನೆಂದು ಉತ್ತರ ಬರೆಯಬೇಕಿತ್ತು ಎಂದು ಮಾತ್ರ ಕೇಳುತ್ತಿದ್ದೇನೆ.

ಎರಡನೆಯ ಅಗಲಿಕೆ ಇನ್ನೂ ಉದ್ದವಾಗಿತ್ತು. 1798ರ ಮೇ 19ರಂದು ನೆಪೋಲಿಯನ್ ತೂಲೋನ್ ಬಂದರಿನಿಂದ ಈಜಿಪ್ಟಿಗೆ ಹೊರಟ. ಬೀಳ್ಕೊಡಲು ಜೋಸೆಫಿನ್ ಬಂದರಿನವರೆಗೂ ಹೋಗಿದ್ದಳು. ಅವಳು ಕಳಿಸಿಕೊಟ್ಟದ್ದು ಗಂಡನನ್ನು ಮಾತ್ರವಲ್ಲ, ಹದಿನಾರು ವರ್ಷದ ಮಗ ಯೂಜಿನ್ ಕೂಡ ಸೈನಿಕನಾಗಿ ಅದೇ ದಂಡಯಾತ್ರೆಯಲ್ಲಿ ಇದ್ದ. ಮರುತಿಂಗಳು ಪ್ಲೋಂಬಿಯೇರ್ ಎಂಬ ಊರಿನಲ್ಲಿ ಅವಳು ನಿಂತಿದ್ದ ಬಾಲ್ಕನಿ ಕುಸಿದು ಬಿದ್ದು ತುಂಬಾ ಗಾಯವಾಯಿತು.

ಜುಲೈ 21ರಂದು ಪಿರಮಿಡ್‌ಗಳ ಯುದ್ಧ ಗೆದ್ದು ನೆಪೋಲಿಯನ್ ಕೈರೋ ಸೇರಿದ. ಆ ದಿನಗಳಲ್ಲೇ ಶಾರ್ಲ್‌ನ ವಿಷಯ ಅವನ ಕಿವಿಗೆ ಬಿತ್ತು. ಅಣ್ಣ ಜೋಸೆಫ್‌ನಿಗೆ ಮನಸ್ಸು ಮುರಿದ ಪತ್ರ ಬರೆದ. ಯೂಜಿನ್ ಪಾಪ ತಾಯಿಗೆ ಎಚ್ಚರಿಸಿ ಬೇರೊಂದು ಪತ್ರ ಬರೆದ. ಎರಡೂ ಪತ್ರಗಳು ಮನೆ ಮುಟ್ಟಲಿಲ್ಲ. ಸಮುದ್ರದಲ್ಲಿ ಬ್ರಿಟಿಷರ ಕೈಗೆ ಸಿಕ್ಕವು. ಆಗಸ್ಟ್ 1ರಂದು ನೆಲ್ಸನ್ ಫ್ರೆಂಚರ ನೌಕಾಪಡೆಯನ್ನೇ ನಾಶ ಮಾಡಿದ. ವಾಪಸ್ ಹೋಗುವ ದಾರಿಯೂ ಮುಚ್ಚಿತು, ಪತ್ರದ ದಾರಿಯೂ ಮುಚ್ಚಿತು.

ಆಮೇಲೆ ನೆಪೋಲಿಯನ್ ಮಾಡಿದ್ದನ್ನೂ ಹೇಳಬೇಕು. ಕೈರೋದಲ್ಲಿ ಅವನು ತನ್ನದೇ ಸೈನ್ಯದ ಲೆಫ್ಟಿನೆಂಟ್ ಫುರೆಸ್ ಎಂಬವನ ಹೆಂಡತಿ ಪೌಲಿನ್‌ಳ ಜೊತೆ ಎಲ್ಲರೂ ನೋಡುವಂತೆಯೇ ಸಂಬಂಧ ಬೆಳೆಸಿದ. ಅವಳ ಗಂಡನಿಗೆ ಸರ್ಕಾರಿ ಪತ್ರಗಳನ್ನು ಕೊಟ್ಟು ಫ್ರಾನ್ಸಿಗೆ ಹೋಗಲು ಆಜ್ಞೆ ಮಾಡಿದ. ಸೈನ್ಯದ ಕೆಲಸದಿಂದ ತನ್ನ ಸಂಸಾರ ಒಡೆಯಿತು ಎಂದು ಅತ್ತವನು ಅದೇ ಸೈನ್ಯದ ಆಜ್ಞೆಯಿಂದ ಇನ್ನೊಬ್ಬನ ಸಂಸಾರ ಒಡೆದ. ಜೋಸೆಫಿನ್‌ಳ ತಪ್ಪನ್ನು ಬರೆಯುವವರು ಇದನ್ನೂ ಅದರ ಪಕ್ಕದಲ್ಲೇ ಬರೆಯಬೇಕು.

ಈ ಈಜಿಪ್ಟ್ ದಿನಗಳಿಗೂ ನಮ್ಮ ಕರ್ನಾಟಕಕ್ಕೂ ಸಂಬಂಧವಿದೆ. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪು ಸುಲ್ತಾನರಿಗೆ ಒಂದು ಪತ್ರ ಬರೆದ. ತಾನು ದೊಡ್ಡ ಸೈನ್ಯದೊಡನೆ ಕೆಂಪು ಸಮುದ್ರದ ತೀರಕ್ಕೆ ಬಂದಿರುವುದಾಗಿಯೂ ಮಾತುಕತೆಗೆ ನಂಬಿಕಸ್ಥನೊಬ್ಬನನ್ನು ಕಳಿಸಬೇಕೆಂದೂ ಅದರಲ್ಲಿ ತಿಳಿಸಿದ್ದ. ಆ ಪತ್ರವೂ ಶ್ರೀರಂಗಪಟ್ಟಣ ಮುಟ್ಟಲಿಲ್ಲ, ದಾರಿಯಲ್ಲೇ ಬ್ರಿಟಿಷರಿಗೆ ಸಿಕ್ಕಿತು. ಮೇ 4ರಂದು ಟಿಪ್ಪು ಸುಲ್ತಾನರು ಕೋಟೆಯ ಬಾಗಿಲ ಬಳಿ ಹೋರಾಡುತ್ತಾ ಶಹೀದರಾದಾಗ ನೆಪೋಲಿಯನ್ ಏಕರ್ ಕೋಟೆಯ ಮುಂದೆ ಮುತ್ತಿಗೆ ಹಾಕಿ ಕುಳಿತಿದ್ದ. ಮನೆಯ ಪತ್ರವೂ ರಾಜ್ಯದ ಪತ್ರವೂ ಒಂದೇ ಸಮುದ್ರದಲ್ಲಿ ಸಿಕ್ಕಿಬಿದ್ದ ಕಾಲ ಅದು.

1799ರ ಅಕ್ಟೋಬರ್ 9ರಂದು ನೆಪೋಲಿಯನ್ ಫ್ರಾನ್ಸಿನ ದಕ್ಷಿಣ ತೀರದಲ್ಲಿ ಇಳಿದ. ಸುಮಾರು ಹದಿನೇಳು ತಿಂಗಳಾಗಿತ್ತು. ಸುದ್ದಿ ತಿಳಿದ ಕೂಡಲೇ ಜೋಸೆಫಿನ್ ಮಗಳನ್ನು ಕರೆದುಕೊಂಡು ಗಾಡಿ ಹತ್ತಿ ಎದುರುಗೊಳ್ಳಲು ಹೊರಟಳು. ಮೈದುನರು ಚಾಡಿ ಹೇಳುವ ಮೊದಲು ತಾನೇ ಸಿಗಬೇಕು ಎಂಬ ಆತುರ. ಆದರೆ ಅವಳು ಒಂದು ರಸ್ತೆಯಲ್ಲಿ ಹೋದಳು, ಅವನು ಇನ್ನೊಂದು ರಸ್ತೆಯಲ್ಲಿ ಬಂದ. ಅಕ್ಟೋಬರ್ 16ರ ಬೆಳಿಗ್ಗೆ ಅವನು ಮನೆಗೆ ಬಂದಾಗ ಮತ್ತೆ ಮನೆ ಖಾಲಿ! ಅವಳ ಸಾಮಾನುಗಳನ್ನು ಕಟ್ಟಿಸಿಟ್ಟ. ಎರಡು ದಿನದ ನಂತರ ಅವಳು ಮರಳಿದಾಗ ಕೋಣೆಯ ಬಾಗಿಲು ಹಾಕಿಕೊಂಡು ತೆಗೆಯಲೇ ಇಲ್ಲ. ಬಾಗಿಲ ಹೊರಗೆ ಅವಳು ಗಂಟೆಗಟ್ಟಲೆ ಅತ್ತಳು. ಕೊನೆಗೆ ಯೂಜಿನ್ ಮತ್ತು ಹೊರ್ಟೆನ್ಸ್ ಬಂದು ಬೇಡಿಕೊಂಡರು. ಬಾಗಿಲು ತೆರೆಯಿತು. ಆಮೇಲೆ ಶಾರ್ಲ್‌ನ ಹೆಸರು ಅವಳ ಬದುಕಿನಲ್ಲಿ ಮತ್ತೆ ಬರಲಿಲ್ಲ.

ಮುಂದಿನದು ಚರಿತ್ರೆಯಲ್ಲಿ ಎಲ್ಲರಿಗೂ ಗೊತ್ತಿರುವ ಭಾಗ. ನೆಪೋಲಿಯನ್ ಅಧಿಕಾರ ಹಿಡಿದ. 1804ರ ಡಿಸೆಂಬರ್ 2ರಂದು ನೋತ್ರ ದಾಮ್ ಚರ್ಚಿನಲ್ಲಿ ಪೋಪರ ಎದುರಿನಲ್ಲೇ ತನ್ನ ತಲೆಯ ಮೇಲೆ ತಾನೇ ಕಿರೀಟ ಇಟ್ಟುಕೊಂಡು, ನಂತರ ಜೋಸೆಫಿನ್‌ಳ ತಲೆಯ ಮೇಲೂ ಇಟ್ಟ. ಆದರೆ ಯುದ್ಧಗಳು ನಿಲ್ಲಲಿಲ್ಲ. 1806ರಲ್ಲಿ ಪ್ರಷ್ಯಾದ ಮೇಲೆ ಹೋದಾಗ ಜೋಸೆಫಿನ್ ಮೈಂಜ್ ನಗರದವರೆಗೂ ಹಿಂಬಾಲಿಸಿ ಹೋಗಿ ಅಲ್ಲಿ ಕಾದು ಕುಳಿತಳು. ನಾನೂ ಬರುತ್ತೇನೆ ಎಂದು ಬರೆದಳು. ಅವನ ಉತ್ತರಗಳು ಈಗ ಚಿಕ್ಕದಾಗಿದ್ದವು. ಚಳಿ ಜಾಸ್ತಿ, ರಸ್ತೆ ಚೆನ್ನಾಗಿಲ್ಲ, ಪ್ಯಾರಿಸ್ಸಿಗೆ ವಾಪಸ್ ಹೋಗು. ರಸ್ತೆ ಕೆಟ್ಟಿದ್ದು ನಿಜವೇ. ಆದರೆ ಪೋಲೆಂಡಿನಲ್ಲಿ ಅವನಿಗೆ ಮಾರಿಯಾ ವಾಲೆವ್ಸ್ಕಾ ಎಂಬ ಯುವತಿಯ ಪರಿಚಯವಾಗಿದ್ದದ್ದೂ ನಿಜ.

ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಹತ್ತು ವರ್ಷದ ಹಿಂದೆ ಅವನು ಬೇಡುತ್ತಿದ್ದ, ಅವಳು ನೆಪ ಹೇಳುತ್ತಿದ್ದಳು. ಈಗ ಅವಳು ಬೇಡುತ್ತಿದ್ದಾಳೆ, ಅವನು ನೆಪ ಹೇಳುತ್ತಿದ್ದಾನೆ. ಉತ್ತರ ಬರದ ಪತ್ರದ ಸಂಕಟ ಎಂಥದ್ದು ಎಂದು ಅವನಷ್ಟು ಚೆನ್ನಾಗಿ ತಿಳಿದವರು ಯಾರಿದ್ದರು?

ಇನ್ನೊಂದು ಕೊರತೆಯೂ ಇತ್ತು. ಅವರಿಗೆ ಮಕ್ಕಳಾಗಲಿಲ್ಲ, ಸಾಮ್ರಾಜ್ಯಕ್ಕೆ ವಾರಸುದಾರ ಬೇಕಾಗಿತ್ತು. 1809ರ ನವೆಂಬರ್ 30ರ ರಾತ್ರಿ ಊಟದ ನಂತರ ಅವನು ವಿಚ್ಛೇದನದ ಮಾತು ಹೇಳಿದ. ಡಿಸೆಂಬರ್ 15ರಂದು ದರ್ಬಾರಿನಲ್ಲಿ ಎಲ್ಲರ ಎದುರು ಒಪ್ಪಿಗೆ ಪತ್ರ ಓದಲು ಎದ್ದ ಜೋಸೆಫಿನ್‌ಗೆ ಅರ್ಧದಲ್ಲೇ ಗಂಟಲು ಕಟ್ಟಿತು, ಉಳಿದದ್ದನ್ನು ಒಬ್ಬ ಅಧಿಕಾರಿ ಓದಿ ಮುಗಿಸಿದ. ಸಾಮ್ರಾಜ್ಞಿ ಎಂಬ ಬಿರುದು, ಮಾಲ್ಮೇಸೋನ್ ಬಂಗಲೆ, ವರ್ಷಕ್ಕೆ 30 ಲಕ್ಷ ಫ್ರಾಂಕ್ ಅವಳಿಗೆ ಉಳಿದವು. ಬಟ್ಟೆಗೂ ಗುಲಾಬಿ ತೋಟಕ್ಕೂ ಲೆಕ್ಕವಿಲ್ಲದೆ ಖರ್ಚು ಮಾಡುವ ಅವಳಿಗೆ ಅದೂ ಸಾಲಲಿಲ್ಲ, ಸಾಲ ಬೆಳೆಯುತ್ತಲೇ ಇತ್ತು.

ನೆಪೋಲಿಯನ್ ಆಸ್ಟ್ರಿಯಾದ ರಾಜಕುಮಾರಿ ಮರಿ ಲೂಯಿಸ್‌ಳನ್ನು ಮದುವೆಯಾದ. 1811ರಲ್ಲಿ ಮಗ ಹುಟ್ಟಿದ. ಆದರೆ ಆ ಮಗ ಸಿಂಹಾಸನದಲ್ಲಿ ಆಳುವ ದಿನ ಬರಲೇ ಇಲ್ಲ. 21ನೆಯ ವಯಸ್ಸಿನಲ್ಲಿ ತೀರಿಕೊಂಡ. 1852ರಲ್ಲಿ ಮೂರನೆಯ ನೆಪೋಲಿಯನ್ ಎಂಬ ಹೆಸರಿನಿಂದ ಫ್ರಾನ್ಸಿನ ಚಕ್ರವರ್ತಿಯಾದವನು ಹೊರ್ಟೆನ್ಸ್‌ಳ ಮಗ, ಅಂದರೆ ಜೋಸೆಫಿನ್‌ಳ ಮೊಮ್ಮಗ. ಯಾವ ಕಾರಣಕ್ಕಾಗಿ ಅವಳನ್ನು ಬಿಟ್ಟನೋ ಆ ಕಾರಣವೇ ಹೀಗಾಯಿತು.

1814ರಲ್ಲಿ ಸೋತ ನೆಪೋಲಿಯನ್‌ನನ್ನು ಎಲ್ಬಾ ದ್ವೀಪಕ್ಕೆ ಕಳಿಸಿದರು. ಮರಿ ಲೂಯಿಸ್ ಅವನ ಹತ್ತಿರ ಹೋಗಲಿಲ್ಲ. ಮೇ 29ರಂದು ಜೋಸೆಫಿನ್ ಕಾಯಿಲೆಯಿಂದ ಮಾಲ್ಮೇಸೋನ್‌ನಲ್ಲಿ ತೀರಿಕೊಂಡಳು. ಐವತ್ತೊಂದು ತುಂಬಲು ಇನ್ನೂ ಕೆಲವು ದಿನಗಳಿದ್ದವು. ಮರುವರ್ಷ ವಾಟರ್‌ಲೂ ಸೋತ ಮೇಲೆ ನೆಪೋಲಿಯನ್‌ಗೆ ಫ್ರಾನ್ಸಿನಲ್ಲಿ ಸ್ವತಂತ್ರವಾಗಿ ಉಳಿದದ್ದು ಕೆಲವೇ ದಿನ. ಆ ದಿನಗಳನ್ನು ಕಳೆಯಲು ಅವನು ಹೋದದ್ದು ಮಾಲ್ಮೇಸೋನ್‌ಗೆ. ಜೂನ್ 25ರಿಂದ 29ರವರೆಗೆ ಅವಳಿಲ್ಲದ ಆ ಮನೆಯಲ್ಲಿ, ಅವಳು ಬೆಳೆಸಿದ ತೋಟದಲ್ಲಿ ಓಡಾಡಿದ. ಹೊರ್ಟೆನ್ಸ್ ಜೊತೆಗಿದ್ದಳು. ಮೂರನೆಯ ಬಾರಿಯೂ ಅವನು ಬಂದಾಗ ಮನೆ ಖಾಲಿಯಾಗಿತ್ತು. ಅಲ್ಲಿಂದ ಹೊರಟವನು ಸೇಂಟ್ ಹೆಲೆನಾ ಸೇರಿದ, 1821ರ ಮೇ 5ರಂದು ಅಲ್ಲೇ ಸತ್ತ.

ಗೆಳೆಯ ಗೆಳತಿಯರೇ, ನಮ್ಮ ಕಾಲೇಜಿನಲ್ಲಿ ಎಷ್ಟೋ ಮಂದಿಯ ಅಬ್ಬಾ ಕೊಲ್ಲಿ ದೇಶಗಳಲ್ಲಿ ಇದ್ದಾರೆ. ಸೈನ್ಯದಲ್ಲಿ ಅಣ್ಣಂದಿರು ಇರುವ ಮನೆಗಳೂ ಇರಬಹುದು. ಈಗ ಪತ್ರ ಸಮುದ್ರದಲ್ಲಿ ಸಿಕ್ಕಿಬೀಳುವುದಿಲ್ಲ, ಫೋನು ಒಂದು ಕ್ಷಣದಲ್ಲಿ ಮುಟ್ಟುತ್ತದೆ. ಆದರೂ ನಾಳೆ ಮಾತಾಡೋಣ ಎಂದು ಇಟ್ಟುಬಿಡುವುದು ನಮಗೂ ಗೊತ್ತು. ದೂರ ಇದ್ದವರೂ ಮನೆಯಲ್ಲಿ ಇದ್ದವರೂ ಒಬ್ಬರಿಗೊಬ್ಬರು ತಿಳಿಯದಂತೆ ಸ್ವಲ್ಪ ಸ್ವಲ್ಪ ಬದಲಾಗುತ್ತಾ ಹೋಗುತ್ತಾರೆ. ನೆಪೋಲಿಯನ್ ಮತ್ತು ಜೋಸೆಫಿನ್ ಇಬ್ಬರಿಗೂ ಪ್ರೀತಿ ಇತ್ತು ಎಂದೇ ನನಗೆ ಅನ್ನಿಸುತ್ತದೆ. ಇಬ್ಬರಲ್ಲೂ ಅದು ಒಂದೇ ಸಮಯದಲ್ಲಿ ಇರಲಿಲ್ಲ, ಅಷ್ಟೆ. ಇಂದು ಮನೆಯಿಂದ ಫೋನು ಬಂದರೆ ಇನ್ನೂ ಎರಡು ಮಾತು ಹೆಚ್ಚು ಆಡಿ ಎಂದು ಕೇಳಿಕೊಂಡು ಮುಗಿಸುತ್ತೇನೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ